ಕೈಯ ಬೆಲೆ

ದುಡಿಮೆಗೆ ತಕ್ಕ ಫಲ ದೊರೆಯುವುದೇ? 12ನೆಯ ಶತಮಾನದ ಶರಣರ ಕಾಯಕತತ್ತ್ವವನ್ನು ತರಗತಿಯಲ್ಲಿ ಬಣ್ಣಿಸುತ್ತ 20 ವರ್ಷ ಕಳೆದ ನನಗೆ ಈ ಪ್ರಶ್ನೆಯ ಮರ್ಮವನ್ನು ತಿಳಿಸಿದವಳು ನವಲಗುಂದದಲ್ಲಿ ಜಮಖಾನೆ ನೇಯುವ ಒಬ್ಬ ತಾಯಿ.

ಅಲ್ಲಿ ಈ ನೇಯ್ಗೆ ಹೆಂಗಸರದೇ. ನಿಲುವು ಮಗ್ಗದ ಮುಂದೆ ಕುಳಿತು, ಬಣ್ಣದ ಹತ್ತಿ ನೂಲನ್ನು ಬೆರಳಿನಿಂದ ಹಾಯಿಸಿ, ಬಡಿದು ಕೂಡಿಸಬೇಕು. ನವಿಲು, ಪಗಡೆಯ ಹಾಸು ಹೀಗೆ ಎಳೆ ಎಳೆಯಾಗಿ ಮೂಡಬೇಕು. ಒಂದು ಜಮಖಾನೆಗೆ ದಿನಗಳೇ ಹಿಡಿಯುತ್ತವೆ. 2011ರಲ್ಲಿ ಈ ಕಲೆಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆಯಿತು. ಆ ಕಾಯ್ದೆ ಹೆಸರನ್ನು ಕಾಯುತ್ತದೆ, ಕೂಲಿಯನ್ನು ಕಾಯುವುದಿಲ್ಲ.

ಬೆಲೆ ಕೇಳಿದ ನಾನು ವಾಡಿಕೆಯಂತೆ ಚೌಕಾಸಿಗಿಳಿದೆ. ಆ ತಾಯಿ ಸಿಟ್ಟಾಗಲಿಲ್ಲ. “ನೂಲಿಂದು ಕಡಿಮಿ ಮಾಡಾಕ ಬರೂದಿಲ್ರಿ ಸರ, ಬಣ್ಣದ್ದೂ ಬರೂದಿಲ್ಲ. ಕಡಿಮಿ ಆಗೂದು ನನ್ನ ಕೈದಷ್ಟ” ಎಂದಳು.

ನಾನು ನಾಚಿದೆ. ನೂಲಿನ ಬೆಲೆಯನ್ನು ಮಾರುವವನು ಕಟ್ಟುತ್ತಾನೆ. ನನ್ನ ಸಂಬಳವನ್ನು ಸರಕಾರ ಕಟ್ಟುತ್ತದೆ. ಈ ಕೈಯ ಬೆಲೆಯನ್ನು ಮಾತ್ರ ಕೊಳ್ಳುವವನೇ ಕಟ್ಟುತ್ತಾನೆ! ಮಗಳಿಗೆ ಮಗ್ಗ ಕಲಿಸಿದ್ದುಂಟೇ ಎಂದು ಕೇಳಿದೆ. “ಸಾಲಿ ಕಲಸಾಕ ಹತ್ತೀನ್ರಿ” ಎಂದು ನಕ್ಕಳು. ಆ ನಗೆಯಲ್ಲಿ ಒಂದು ಕಲೆಯ ಭವಿಷ್ಯವೇ ಅಡಗಿತ್ತು. ಆಕೆಯನ್ನು ತಪ್ಪೆನ್ನಲು ನನಗೆ ನಾಲಗೆ ಬರಲಿಲ್ಲ.

ಹೇಳಿದಷ್ಟೂ ಕೊಟ್ಟು ತಂದ ಜಮಖಾನೆ ಈಗ ನಮ್ಮ ಪಡಸಾಲೆಯಲ್ಲಿದೆ. ಬಂದವರೆಲ್ಲ ಕೈಗೆಲಸವನ್ನು ಹೊಗಳುತ್ತಾರೆ. ಬೆಲೆ ತಿಳಿದೊಡನೆ ‘ಹೆಚ್ಚಾಯಿತು’ ಎನ್ನುತ್ತಾರೆ. ಆ ಹೊಗಳಿಕೆಯನ್ನು ನಾನು ನವಲಗುಂದಕ್ಕೆ ಮುಟ್ಟಿಸಬಲ್ಲೆ. ಆದರೆ ಅದರಿಂದ ಆಕೆಯ ಒಲೆ ಉರಿಯದು.