ಸ್ವಾಮ್ಯವೂ ಕರ್ತೃತ್ವವೂ: ಬಳ್ಳಿಗಾವೆಯ ಮಠ ಮತ್ತು ಒಂದು ಚಿತ್ರಮಾಲೆಯ ಹಸ್ತಾಂತರ

ಕ್ರಿ. ಶ. ೨೦೨೨ನೆಯ ಮಾರ್ಚಿ ತಿಂಗಳ ೧೭ರಂದು ಅಮೆರಿಕೆಯ ಅಮೆಜಾನ್ ಎಂಬ ವ್ಯಾಪಾರಸಂಸ್ಥೆಯು ಮೆಟ್ರೊ-ಗೋಲ್ಡ್‌ವಿನ್-ಮೇಯರ್ ಎಂಬ ಹಳೆಯ ಚಿತ್ರನಿರ್ಮಾಣ ಕಂಪೆನಿಯನ್ನು ಸುಮಾರು ೮೪೫ ಕೋಟಿ ಡಾಲರುಗಳಿಗೆ ಕೊಂಡುಕೊಂಡಿತು. ಜೇಮ್ಸ್ ಬಾಂಡ್ ಎಂಬ ಗೂಢಚಾರನ ಚಿತ್ರಮಾಲೆಯಲ್ಲಿ ಆ ಕಂಪೆನಿಗಿದ್ದ ಪಾಲೂ ಈ ಕ್ರಯದಲ್ಲಿ ಸೇರಿದ್ದಿತು. ಆ ಮಾಲೆಯು ೧೯೬೨ರಿಂದ ೨೦೨೧ರ ವರೆಗೆ ಇಪ್ಪತ್ತೈದು ಚಿತ್ರಗಳಾಗಿ ಬೆಳೆದುದು. ಆದರೆ ಮುಂದಿನ ಚಿತ್ರದ ಕಥೆಯಾವುದು, ನಾಯಕನಾರು, ನಿರ್ದೇಶಕನಾರು ಎಂಬುದನ್ನು ನಿಶ್ಚಯಿಸುವ ಅಧಿಕಾರವು ಕೊಂಡವರಿಗೆ ಒಡನೆಯೇ ಬರಲಿಲ್ಲ. ಅದು ಅವರಿಗೆ ದೊರೆಯಲಿದೆಯೆಂಬ ಪ್ರಕಟನೆಯು ಹೊರಟುದು ೨೦೨೫ನೆಯ ಫೆಬ್ರವರಿ ೨೦ರಂದು. ಹಣವನ್ನು ತೆತ್ತು ಮನೆಯನ್ನು ಕೊಂಡವನು ಮೂರು ವರ್ಷಗಳ ಕಾಲ ಒಳಕೋಣೆಯ ಬೀಗದಕೈಗಾಗಿ ಕಾದಿರಬೇಕಾಯಿತೇಕೆಂಬುದೇ ಈ ಲೇಖನದ ವಿಚಾರವು.

ಶಾಸನಗಳನ್ನೂ ಶಾಸ್ತ್ರಗಳನ್ನೂ ಓದುವ ವಾಚಕರಿಗೆ ಇದು ಹೊರಗಿನ ಮಾತಾಗಿ ತೋರಬಹುದು. ಆದರೆ ಒಡೆತನವು ಬೇರೆ, ಒಳಗಿನ ಕಾರ್ಯವನ್ನು ನಡೆಯಿಸುವ ಕರ್ತೃತ್ವವು ಬೇರೆ ಎಂಬ ಭೇದವನ್ನು ನಮ್ಮ ಶಿಕಾರಿಪುರ ಸೊರಬದ ಸೀಮೆಯ ಕಲ್ಲುಗಳು ಎಂಟುನೂರು ವರ್ಷಗಳಿಗೂ ಹಿಂದೆಯೇ ತಿಳಿದಿದ್ದುವು. ಅವುಗಳ ಬೆಳಕಿನಲ್ಲಿ ನೋಡಿದರೆ ಈ ಹೊಸ ವ್ಯವಹಾರದ ತೊಡಕು ಸುಲಭವಾಗಿ ಬಿಡುವುದೆಂದು ನನ್ನ ಅಭಿಪ್ರಾಯ.

ಮೊದಲು ಶಾಸ್ತ್ರದ ಮಾತು. ಕಲ್ಯಾಣದ ಆರನೆಯ ವಿಕ್ರಮಾದಿತ್ಯನ (೧೦೭೬–೧೧೨೬) ಆಳಿಕೆಯಲ್ಲಿದ್ದ ವಿಜ್ಞಾನೇಶ್ವರನು ತನ್ನ ಮಿತಾಕ್ಷರೆಯಲ್ಲಿ, ಸ್ವತ್ವವೆಂಬುದು ಶಾಸ್ತ್ರದಿಂದ ಮಾತ್ರ ತಿಳಿಯತಕ್ಕುದೋ ಅಥವಾ ಲೋಕವ್ಯವಹಾರದಿಂದಲೇ ಸಿದ್ಧವಾದುದೋ ಎಂದು ವಿಚಾರಿಸಿ, ಲೌಕಿಕವೇ ಎಂದು ನಿರ್ಣಯಿಸಿದ್ದಾನೆ. ಸ್ವತ್ವವು ಲೌಕಿಕವಾದ ಪಕ್ಷಕ್ಕೆ ಅದರ ಎಲ್ಲೆಯೂ ಲೌಕಿಕವೇ. ಎಷ್ಟನ್ನು ಕೊಟ್ಟರು, ಎಷ್ಟನ್ನು ಉಳಿಸಿಕೊಂಡರು ಎಂಬುದು ಆಯಾ ಒಪ್ಪಂದದಿಂದಲೂ ಆಚಾರದಿಂದಲೂ ತಿಳಿಯತಕ್ಕುದು. ಇದು ನನ್ನ ಊಹೆ. ವಿಜ್ಞಾನೇಶ್ವರನು ಇಷ್ಟು ದೂರ ಹೋಗಿ ಹೇಳಿಲ್ಲ. ಕಲಾವಿದರ ಕೂಟಗಳ ವಿಷಯವಂತೂ ಸ್ಮೃತಿಕಾರರಿಗೆ ಅಪರಿಚಿತವಲ್ಲ. ಕೂಡಿ ದುಡಿಯುವವರ ಸಂಭೂಯಸಮುತ್ಥಾನವೆಂಬ ವ್ಯವಹಾರಪದದಲ್ಲಿ ಬೃಹಸ್ಪತಿಯು ನರ್ತಕರ ಮೇಳವನ್ನು ಎತ್ತಿಕೊಂಡು, ಗಾಯಕರಿಗೆ ಸಮಪಾಲನ್ನೂ ತಾಳವನ್ನು ಬಲ್ಲವನಿಗೆ ಒಂದೂವರೆ ಪಾಲನ್ನೂ ವಿಧಿಸಿದ್ದಾನೆ. ಮೇಳವನ್ನು ಹಿಡಿದು ನಡೆಯಿಸುವವನ ಸ್ಥಾನವು ವಿಶೇಷವಾದುದೆಂಬುದನ್ನು ಆತನು ಬಲ್ಲನು.

ಇನ್ನು ಬಳ್ಳಿಗಾವೆ. ಶಿಕಾರಿಪುರ ತಾಲ್ಲೂಕಿನ ಈ ಗ್ರಾಮವು ಬನವಾಸಿ ಪನ್ನಿರ್ಚ್ಛಾಸಿರದ ರಾಜಧಾನಿಯಾಗಿ ಮೆರೆದುದೆಂಬುದನ್ನು ವಾಚಕರು ಬಲ್ಲರು. ಇಲ್ಲಿಯ ದಕ್ಷಿಣ ಕೇದಾರೇಶ್ವರ ದೇವಾಲಯಕ್ಕೆ ಸೇರಿದ ಕೋಡಿಯಮಠವು ಕಾಳಾಮುಖ ಆಚಾರ್ಯರ ಪೀಠವಾಗಿದ್ದಿತು. ಕೇದಾರಶಕ್ತಿ, ಶ್ರೀಕಂಠ, ಸೋಮೇಶ್ವರ ಮೊದಲಾದವರಿಂದ ಹಿಡಿದು ಗೌತಮ, ವಾಮಶಕ್ತಿಗಳ ವರೆಗೆ ಗುರುಪರಂಪರೆಯು ಶಾಸನಗಳಿಂದ ತಿಳಿದುಬರುತ್ತದೆ. ೧೧೬೨ರ ಶಾಸನವು ಈ ಮಠದೊಳಗೆ ನಡೆಯುತ್ತಿದ್ದುದನ್ನು ಎಷ್ಟು ವಿಸ್ತಾರವಾಗಿ ವರ್ಣಿಸುತ್ತದೆಯೆಂದರೆ ಕರ್ಣಾಟಕದ ಬೇರೆ ವಿದ್ಯಾಸ್ಥಾನಗಳಿಗೆ ಅಂತಹ ಭಾಗ್ಯವು ದೊರೆತುದು ವಿರಳ. ಕೌಮಾರ, ಪಾಣಿನೀಯ, ಶಾಕಟಾಯನಾದಿ ವ್ಯಾಕರಣಗಳು. ನ್ಯಾಯ, ವೈಶೇಷಿಕ, ಮೀಮಾಂಸೆ, ಸಾಂಖ್ಯ, ಅದರೊಡನೆ ಬೌದ್ಧ ದರ್ಶನ. ಲಾಕುಲ ಸಿದ್ಧಾಂತ, ಪಾತಂಜಲ ಯೋಗ. ಪುರಾಣ, ಧರ್ಮಶಾಸ್ತ್ರ, ಕಾವ್ಯ, ನಾಟಕ, ನಾಟಿಕೆ ಇವೆಲ್ಲವುಗಳಿಗೂ ಅಲ್ಲಿ ಎಡೆಯಿದ್ದಿತು. ದೀನರಿಗೂ ಕುರುಡರಿಗೂ ಕುಂಟರಿಗೂ ಗಾಯಕ ವಾದಕ ನರ್ತಕರಿಗೂ ಅನ್ನವುಂಟು, ರೋಗಿಗಳಿಗೆ ಚಿಕಿತ್ಸೆಯುಂಟು. ಶೈವಮಠದಲ್ಲಿ ಜೈನ ಬೌದ್ಧ ಭಿಕ್ಷುಗಳಿಗೂ ಭಿಕ್ಷೆ ನಡೆಯುತ್ತಿದ್ದುದನ್ನು ಇಲ್ಲಿ ಗಮನಿಸಬೇಕು. ಇಂತಹ ಔದಾರ್ಯವು ಯಾವ ಅರಸನ ಅಪ್ಪಣೆಯಿಂದಲೂ ಹುಟ್ಟುವಂತಹುದಲ್ಲ. ಆಚಾರ್ಯನ ಮನೋಧರ್ಮದಿಂದ ಹುಟ್ಟತಕ್ಕುದು.

ಈಗ ಕಾಲವನ್ನು ನೋಡೋಣ. ಆ ಶಾಸನದ ಕಾಲಕ್ಕೆ ಕಲ್ಯಾಣದ ಸಿಂಹಾಸನವು ಚಾಲುಕ್ಯರ ಕೈ ತಪ್ಪಿ, ಅವರ ಮಾಂಡಲಿಕನಾಗಿದ್ದ ಕಳಚುರ್ಯ ಬಿಜ್ಜಳನ ವಶವಾಗಿದ್ದಿತು. ಇಂದಿನವರ ಮಾತಿನಲ್ಲಿ ಹೇಳುವುದಾದರೆ ಕಂಪೆನಿಯು ಕೈಬದಲಾಗಿದ್ದಿತು. ಬಿಜ್ಜಳನು ಬಳ್ಳಿಗಾವೆಯಲ್ಲಿ ಬೀಡುಬಿಟ್ಟಿದ್ದಾಗ ಕಸಪಯ್ಯನಾಯಕನ ಬಿನ್ನಪದ ಮೇಲೆ ಕೇದಾರೇಶ್ವರನಿಗೆ ದತ್ತಿಯನ್ನು ಬಿಟ್ಟನು. ದತ್ತಿಯನ್ನು ಸ್ವೀಕರಿಸಿದ ವಾಮಶಕ್ತಿಯು ಚಾಲುಕ್ಯರ ಕಾಲದಿಂದ ನಡೆದುಬಂದ ಅದೇ ಪರಂಪರೆಯವನು. ಹೊಸ ಅರಸನು ತನ್ನ ಕಡೆಯ ಆಚಾರ್ಯನನ್ನು ತಂದು ಕುಳ್ಳಿರಿಸಲಿಲ್ಲ, ಪಾಠಗಳನ್ನು ಬದಲಾಯಿಸಲಿಲ್ಲ.

ಇದಕ್ಕೆ ಅರಸನ ಸೌಜನ್ಯವೊಂದೇ ಕಾರಣವೆನ್ನಲಾಗದು. ದಾನದ ವಿಧಿಯೇ ಹಾಗಿದ್ದಿತು. ಆಚಾರ್ಯನ ಕಾಲನ್ನು ತೊಳೆದು ಧಾರಾಪೂರ್ವಕವಾಗಿ ಕೊಟ್ಟಮೇಲೆ ದಾನಿಯ ಸ್ವತ್ವವು ನಿವೃತ್ತವಾಗಿ ಪ್ರತಿಗ್ರಾಹಿಯ ಸ್ವತ್ವವು ಹುಟ್ಟುತ್ತದೆ. ನೆಲವು ಅರಸನ ನಾಡಿನೊಳಗೇ ಇರುವುದು ಸರಿ. ಆದರೆ ಆ ನೆಲದ ಆದಾಯವನ್ನು ವಿನಿಯೋಗಿಸುವ ಭಾರವು ಸ್ಥಾನಾಚಾರ್ಯನದು. ನಾಡನ್ನು ಗೆದ್ದವನಿಗೆ ನಾಡು ಬರುತ್ತದೆ, ಪೂರ್ವದ ಅರಸನು ಈಗಾಗಲೇ ಕೊಟ್ಟುಬಿಟ್ಟುದು ಬರುವುದಿಲ್ಲ. ದಾನಿಗೆ ಹಿಡಿತವೇ ಇರಲಿಲ್ಲವೆಂದೂ ತಿಳಿಯಬಾರದು. ದೇವರ ಅಂಗಭೋಗ ರಂಗಭೋಗಗಳಿಗೆ, ಜೀರ್ಣೋದ್ಧಾರಕ್ಕೆ, ತಪೋಧನರ ಆಹಾರದಾನಕ್ಕೆ ಎಂದು ದತ್ತಿಯ ಉದ್ದೇಶವನ್ನು ಅವನು ಕಲ್ಲಿನಲ್ಲಿ ಕೊರೆಯಿಸುತ್ತಿದ್ದನು. ರಂಗಭೋಗವು ನಡೆಯಬೇಕೆಂದು ವಿಧಿಸುವುದು ದಾನಿಯ ಅಧಿಕಾರ; ರಂಗದ ಮೇಲೆ ಯಾರು ಯಾವುದನ್ನು ಆಡಬೇಕೆಂಬುದು ಸ್ಥಾನದವರ ಅಧಿಕಾರ. ಸೊರಬ ತಾಲ್ಲೂಕಿನ ಕುಪ್ಪಟೂರಿನಲ್ಲಿ ಕದಂಬ ಕೀರ್ತಿದೇವನ ರಾಣಿಯಾದ ಮಾಳಲದೇವಿಯು ಪಾರ್ಶ್ವದೇವನ ಬಸದಿಯನ್ನು ಎತ್ತಿಸಿದಾಗಲೂ, ಅಲ್ಲಿಯ ಅಗ್ರಹಾರದ ಬ್ರಾಹ್ಮಣರನ್ನು ಸತ್ಕರಿಸಿ, ಬ್ರಹ್ಮಜಿನಾಲಯವೆಂಬ ಹೆಸರನ್ನು ಅವರಿಂದಲೇ ಇಡಿಸಿದಳು. ಹಣವೂ ರಾಜಪದವಿಯೂ ಇದ್ದವಳು ಸ್ಥಳದವರ ಸಮ್ಮತಿಯನ್ನು ಪಡೆದ ಸಂಗತಿಯಿದು.

ಈ ದೃಷ್ಟಿಯಿಂದ ಬಾಂಡ್ ಚಿತ್ರಮಾಲೆಯ ಚರಿತ್ರೆಯನ್ನು ಓದಿದರೆ ಅದು ನಮಗೆ ಪರಿಚಿತವಾದ ಶಾಸನದಂತೆಯೇ ಕಾಣುವುದು. ಫ್ಲೆಮಿಂಗ್ ಎಂಬ ಆಂಗ್ಲ ಗ್ರಂಥಕರ್ತನು ೧೯೫೩ರಿಂದ ಬರೆಯತೊಡಗಿದ ಕಾದಂಬರಿಗಳ ಚಿತ್ರಣದ ಹಕ್ಕನ್ನು ೧೯೬೧ರಲ್ಲಿ ಹ್ಯಾರಿ ಸಾಲ್ಟ್ಜ್‌ಮನ್ ಎಂಬುವನು ಸಂಪಾದಿಸಿ, ಆಲ್ಬರ್ಟ್ ಬ್ರಾಕೊಲಿ ಎಂಬುವನೊಡನೆ ಕೂಡಿಕೊಂಡನು. ಇವರು ಎರಡು ಸಂಸ್ಥೆಗಳನ್ನು ಸ್ಥಾಪಿಸಿದರು. ಹಕ್ಕುಗಳನ್ನು ಧರಿಸಿಕೊಂಡಿರುವುದಕ್ಕೆ ಡ್ಯಾಂಜಾಕ್ (ಇಬ್ಬರ ಪತ್ನಿಯರ ಹೆಸರುಗಳ ತುಂಡುಗಳನ್ನು ಜೋಡಿಸಿದ ಸಮಾಸವಿದು), ಚಿತ್ರಗಳನ್ನು ನಿರ್ಮಿಸುವುದಕ್ಕೆ ಈಯಾನ್. ಹಣವನ್ನು ಒದಗಿಸಿ ಚಿತ್ರಗಳನ್ನು ಹಂಚಿದುದು ಯುನೈಟೆಡ್ ಆರ್ಟಿಸ್ಟ್ಸ್ ಕಂಪೆನಿ. ಹೀಗೆ ಬಂಡವಾಳವು ಒಂದು ಕಡೆ, ಕರ್ತೃತ್ವವು ಇನ್ನೊಂದು ಕಡೆ ಮೊದಲಿನಿಂದಲೂ ನೆಲೆಸಿದುವು.

ಆಮೇಲೆ ಬಂಡವಾಳದ ಕಡೆಯು ಎಷ್ಟು ಸಲ ಕೈಬದಲಾಯಿತೆಂದರೆ ಲೆಕ್ಕವಿಡುವುದೇ ಕಷ್ಟ. ೧೯೭೫ರಲ್ಲಿ ಸಾಲ್ಟ್ಜ್‌ಮನ್ನನು ತನ್ನ ಅರ್ಧಪಾಲನ್ನು ಯುನೈಟೆಡ್ ಆರ್ಟಿಸ್ಟ್ಸಿಗೆ ಮಾರಿದನು. ೧೯೮೧ರಲ್ಲಿ ಆ ಕಂಪೆನಿಯನ್ನೇ ಮೆಟ್ರೊ-ಗೋಲ್ಡ್‌ವಿನ್-ಮೇಯರ್ ನುಂಗಿತು. ೧೯೯೦ರಲ್ಲಿ ಅದು ಇಟಲಿಯ ಬಂಡವಾಳಗಾರನೊಬ್ಬನ ವಶವಾಯಿತು. ೨೦೦೫ರಲ್ಲಿ ಸೋನಿ ಮೊದಲಾದವರ ಕೂಟಕ್ಕೆ ಹೋಯಿತು. ೨೦೧೦ರಲ್ಲಿ ದಿವಾಳಿಯ ನ್ಯಾಯಾಲಯವನ್ನು ಹೊಕ್ಕು ಹೊರಬಂದಿತು. ಈ ಎಲ್ಲ ರಾಜ್ಯಕ್ರಾಂತಿಗಳ ನಡುವೆ ನಾಯಕನ ಪಾತ್ರಕ್ಕೆ ನಟನನ್ನು ಆರಿಸಿದವರು, ಕಥೆಯನ್ನು ಒಪ್ಪಿದವರು ಬ್ರಾಕೊಲಿಯೂ, ೧೯೯೬ರಲ್ಲಿ ಅವನು ತೀರಿಕೊಂಡ ಬಳಿಕ ಅವನ ಮಗಳು ಬಾರ್ಬರಾ ಮತ್ತು ಮಲಮಗ ಮೈಕೇಲ್ ವಿಲ್ಸನ್ ಎಂಬುವರೂ ಆಗಿದ್ದರು. ಮಠವು ಕೋಡಿಯಲ್ಲಿ, ಅರಸರು ಕಲ್ಯಾಣದಲ್ಲಿ!

ಹಾಗಾದರೆ ಇಂತಹ ಸ್ವಾಧೀನಗಳಿಂದ ಕೃತಿಗೆ ಏನೂ ಬಾಧೆಯಿಲ್ಲವೆ? ಉಂಟು, ಆದರೆ ಅದು ಜನರು ಎಣಿಸುವ ಬಗೆಯದಲ್ಲ. ಕರ್ತೃತ್ವವು ಬೇರೆಯವರಲ್ಲಿರುವಾಗ ಹೊಸ ಒಡೆಯನು ಕೃತಿಯನ್ನು ಕೆಡಿಸಲಾರನು, ಅದರ ಕಾಲವನ್ನು ಕೆಡಿಸಬಲ್ಲನು. ೧೯೯೦ರ ಕೈಬದಲಿನಿಂದ ಹುಟ್ಟಿದ ವ್ಯಾಜ್ಯದ ದೆಸೆಯಿಂದ ೧೯೮೯ರ ಚಿತ್ರಕ್ಕೂ ೧೯೯೫ರ ಚಿತ್ರಕ್ಕೂ ನಡುವೆ ಆರು ವರ್ಷಗಳು ಬರಿದಾದುವು. ದಿವಾಳಿಯ ತೊಡಕಿನಲ್ಲಿ ೨೦೦೮ರಿಂದ ೨೦೧೨ರ ವರೆಗೆ ನಾಲ್ಕು ವರ್ಷಗಳು ಹೋದುವು. ಅತ್ತ, ಮೂಲಪತ್ರದಲ್ಲಿಯೇ ಸೇರದೆ ಹೊರಗುಳಿದ ಹಕ್ಕು ಇನ್ನೂ ದೊಡ್ಡ ತೊಂದರೆಯನ್ನು ಕೊಟ್ಟಿತು. ಥಂಡರ್‌ಬಾಲ್ ಎಂಬ ಕಥೆಯಲ್ಲಿ ಪಾಲಿದೆಯೆಂದು ಕೆವಿನ್ ಮೆಕ್ಲೋರಿ ಎಂಬುವನು ವ್ಯಾಜ್ಯ ಹೂಡಿ ೧೯೬೩ರಲ್ಲಿ ಚಿತ್ರಣದ ಹಕ್ಕನ್ನು ಪಡೆದುದರಿಂದ, ೧೯೮೩ರಲ್ಲಿ ಅದೇ ಕಥೆಯ ಇನ್ನೊಂದು ಚಿತ್ರವು ಈಯಾನ್ ಸಂಸ್ಥೆಗೆ ಹೊರಗಾಗಿ ತೆರೆಗೆ ಬಂದಿತು. ಆ ಕಲಹವು ಪೂರ್ಣವಾಗಿ ತೀರಿದುದು ೨೦೧೩ರಲ್ಲಿ. ಕೊಳ್ಳುವವನ ದುರಾಶೆಗಿಂತ ಮೂಲಪತ್ರದ ಬಿರುಕೇ ಹೆಚ್ಚು ಅಪಾಯಕರವೆಂದು ನಾನು ತಿಳಿದಿರುವೆನು.

ಪರಂಪರೆಯಿಲ್ಲದೆ ಒಬ್ಬನಲ್ಲಿಯೇ ಸ್ವಾಮ್ಯ ಕರ್ತೃತ್ವಗಳೆರಡೂ ಇದ್ದರೆ ಗತಿಯು ಬೇರೆ. ಸ್ಟಾರ್ ವಾರ್ಸ್ ಚಿತ್ರಮಾಲೆಯ ಜಾರ್ಜ್ ಲೂಕಾಸನು ೨೦೧೨ರಲ್ಲಿ ತನ್ನ ಸಂಸ್ಥೆಯನ್ನು ಡಿಸ್ನಿ ಕಂಪೆನಿಗೆ ಸುಮಾರು ೪೦೫ ಕೋಟಿ ಡಾಲರುಗಳಿಗೆ ಪೂರ್ತಿಯಾಗಿ ಮಾರಿದನು. ಮುಂದಿನ ಚಿತ್ರಗಳಿಗೆಂದು ತಾನು ಬರೆದ ಕಥಾಸಾರವನ್ನೂ ಒಪ್ಪಿಸಿದನು. ಕೊಂಡವರು ಅದನ್ನು ಬದಿಗಿರಿಸಿ ೨೦೧೫ರ ಚಿತ್ರವನ್ನು ತಮ್ಮ ದಾರಿಯಲ್ಲಿ ಮಾಡಿದರು. ಲೂಕಾಸನು ನೊಂದುಕೊಂಡನು, ಆದರೆ ಏನನ್ನೂ ಉಳಿಸಿಕೊಳ್ಳದೆ ಕೊಟ್ಟವನಿಗೆ ಕೇಳುವ ಹಕ್ಕೆಲ್ಲಿಯದು?

ಇನ್ನು ೨೦೨೫ರ ಸಂಗತಿ. ಬಾರ್ಬರಾ ಮತ್ತು ವಿಲ್ಸನ್ನರು ಹೊಸ ಕೂಟವೊಂದರಲ್ಲಿ ಸಹಸ್ವಾಮಿಗಳಾಗಿ ಉಳಿದು, ಕರ್ತೃತ್ವವನ್ನು ಮಾತ್ರ ಅಮೆಜಾನಿಗೆ ಬಿಟ್ಟುಕೊಟ್ಟರು. ಅರುವತ್ತು ವರ್ಷಗಳ ಕಾಲ ಯಾವ ಕ್ರಯದಿಂದಲೂ ದೊರೆಯದುದು ಧರಿಸಿದವರೇ ಬಿಟ್ಟಾಗ ದೊರೆಯಿತು. ಅದೇ ವರ್ಷ ಮಾರ್ಚಿಯಲ್ಲಿ ಹೊಸ ನಿರ್ಮಾಪಕರೂ ಜೂನಿನಲ್ಲಿ ದೆನಿ ವಿಲ್ನೆವ್ ಎಂಬ ನಿರ್ದೇಶಕನೂ ಗೊತ್ತಾದರು. ಕೋಡಿಯಮಠದಲ್ಲಿಯೂ ಇಂತಹುದೊಂದು ನಡೆದುದುಂಟು. ೧೧೨೯ರ ಶಾಸನದಂತೆ, ವಿದ್ಯಾಭರಣನೆಂಬ ಆಚಾರ್ಯನು ಮಠದ ಆಡಳಿತವು ತನ್ನ ವಿದ್ಯಾಸುಖಕ್ಕೆ ಅಡ್ಡಿಯಾಗುವುದೆಂದು ಅದನ್ನು ಗೌತಮನಿಗೆ ಒಪ್ಪಿಸಿದನು. ಭೇದವಿಷ್ಟೆ: ವಿದ್ಯಾಭರಣನು ಕೊಟ್ಟುದು ತನ್ನ ಶಿಷ್ಯನಿಗೆ.

ಕನ್ನಡದಲ್ಲಿಯೂ ಈ ಬಗೆಯ ಗೂಢಚಾರ ಚಿತ್ರಮಾಲೆಯೊಂದು ಇದ್ದಿತು. ಜೇಡರ ಬಲೆ (೧೯೬೮), ಗೋವಾದಲ್ಲಿ ಸಿ.ಐ.ಡಿ. ೯೯೯ (೧೯೬೮), ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿ.ಐ.ಡಿ. ೯೯೯ (೧೯೬೯), ಆಪರೇಷನ್ ಡೈಮಂಡ್ ರಾಕೆಟ್ (೧೯೭೮) ಎಂಬ ನಾಲ್ಕರಲ್ಲಿಯೂ ರಾಜ್‌ಕುಮಾರರು ನಾಯಕರು, ದೊರೈ–ಭಗವಾನರು ನಿರ್ದೇಶಕರು. ಅಲ್ಲಿ ಮಾಲೆಯನ್ನು ಪೋಣಿಸಿದ ದಾರವು ಆ ವ್ಯಕ್ತಿಗಳೇ ಆಗಿದ್ದರು. ಅವರು ನಿಲ್ಲಿಸಿದಾಗ ಮಾಲೆಯೂ ನಿಂದಿತು. ಈಗ ಕೆ.ಜಿ.ಎಫ್., ಕಾಂತಾರಗಳಂತಹ ಚಿತ್ರಗಳು ಒಂದಕ್ಕಿಂತ ಹೆಚ್ಚು ಭಾಗಗಳಾಗಿ ಬಂದಿರುವುದರಿಂದ ನಮ್ಮವರೂ ಈ ಪ್ರಶ್ನೆಯನ್ನು ಬಿಟ್ಟಿರುವಂತಿಲ್ಲ. ಭಾರತದ ೧೯೫೭ರ ಕೃತಿಸ್ವಾಮ್ಯ ಶಾಸನದ ಪ್ರಕಾರ ಚಲಚ್ಚಿತ್ರದ ಕರ್ತೃವೆಂದರೆ ನಿರ್ಮಾಪಕನೇ ಹೊರತು ನಿರ್ದೇಶಕನಲ್ಲ. ಆದುದರಿಂದ ನಿರ್ಮಾಣಸಂಸ್ಥೆಯು ಇಡಿಯಾಗಿ ಮಾರಾಟವಾದರೆ, ಪತ್ರದಲ್ಲಿ ಬೇರೆಯಾಗಿ ಬರೆಯಿಸಿಕೊಳ್ಳದ ನಿರ್ದೇಶಕನಿಗೆ ಮುಂದಿನ ಭಾಗದ ಮೇಲೆ ಹೇಳುವ ಮಾತು ಉಳಿಯುವುದು ಕಷ್ಟ. ಅದೇ ಶಾಸನದ ೫೭ನೆಯ ಕಲಮು, ಹಕ್ಕನ್ನು ಪರಾಧೀನ ಮಾಡಿದ ಮೇಲೆಯೂ ತನ್ನ ಕೃತಿಯನ್ನು ಕೀರ್ತಿಗೆ ಕುಂದಾಗುವಂತೆ ವಿಕೃತಗೊಳಿಸುವುದನ್ನು ತಡೆಯುವ ಅಧಿಕಾರವನ್ನು ಕರ್ತೃವಿಗೆ ಉಳಿಸಿದೆ. ೨೦೧೨ರ ತಿದ್ದುಪಡಿಯು ಚಿತ್ರಕ್ಕೆ ಬರೆದ ಸಾಹಿತ್ಯ ಸಂಗೀತಗಳ ಕರ್ತೃಗಳಿಗೆ, ಚಿತ್ರಮಂದಿರದ ಪ್ರದರ್ಶನವನ್ನು ಬಿಟ್ಟು ಉಳಿದ ವಿನಿಯೋಗಗಳಲ್ಲಿ, ಗೌರವಧನದ ಪಾಲನ್ನು ಕಾಯ್ದಿರಿಸಿದೆ. ಕಥೆಯನ್ನು ತಾನೇ ಬರೆದ ನಿರ್ದೇಶಕನು ಕಥಾಕರ್ತೃವೆಂಬ ನೆಲೆಯಿಂದ ಈ ಎರಡನ್ನೂ ಕೇಳಬಲ್ಲನು. ಬರಿಯ ನಿರ್ದೇಶಕನೆಂಬ ನೆಲೆಯಿಂದ ಕೇಳಲಾರನು.