ಹಾಳೆಯ ಕೊಂಬಿನ ಮಹಿಷಾಸುರ

ಅಷ್ಟಮಿಯು ಸಮೀಪಿಸಿತೆಂದರೆ ನಮ್ಮ ಕರಾವಳಿಯ ಪೇಟೆಗಳಲ್ಲಿ ವೇಷಭೂಷಣಗಳನ್ನು ಬಾಡಿಗೆಗೆ ಕೊಡುವ ಅಂಗಡಿಗಳ ಮುಂದೆ ತಾಯಂದಿರ ಸಂದಣಿ ನೆರೆಯುವುದುಂಟು. ಪೀತಾಂಬರವೆಂದು ಕರೆಯಿಸಿಕೊಳ್ಳುವ ಹಳದಿ ಸ್ಯಾಟಿನ್ ಬಟ್ಟೆ, ನವಿಲುಗರಿ ಸಿಕ್ಕಿಸಿದ ತಗಡಿನ ಮುಕುಟ, ಊದಿದರೆ ಸ್ವರ ಬಾರದ ಪ್ಲಾಸ್ಟಿಕ್ ಕೊಳಲು, ಇವಿಷ್ಟನ್ನೂ ತಂದು ಎಳೆಯ ಮಗುವಿನ ಮೈಮೇಲೆ ಹೇರಿ ಮುದ್ದುಕೃಷ್ಣ ಸ್ಪರ್ಧೆಯ ಸಾಲಿನಲ್ಲಿ ನಿಲ್ಲಿಸುತ್ತಾರೆ. ಸಂಜೆಯೊಳಗಾಗಿ ಎಲ್ಲವನ್ನೂ ಕಲೆಯಿಲ್ಲದಂತೆ ಹಿಂದಿರುಗಿಸಬೇಕಾದುದರಿಂದ, ಕುಳಿತುಕೊಳ್ಳಬೇಡ, ಒರಗಬೇಡ, ಏನನ್ನೂ ತಿನ್ನಬೇಡ ಎಂಬ ನಿಷೇಧಾಜ್ಞೆಗಳ ನಡುವೆ, ಬೆಣ್ಣೆಯನ್ನು ಮುಟ್ಟಲಾಗದ ಆ ಬಾಲಕೃಷ್ಣನು ಅಳುಮೋರೆ ಹಾಕಿಕೊಂಡು ನಿಂತಿರುತ್ತಾನೆ. ಫೋಟೋ ಏನೋ ಚೆನ್ನಾಗಿಯೇ ಬರುತ್ತದೆ. ನೋಡುವವರ ಸುಖಕ್ಕಾಗಿ ಧರಿಸಿದವನನ್ನು ಹೀಗೆ ಕಟ್ಟಿಹಾಕುವ ಏರ್ಪಾಡನ್ನು ವೇಷವೆನ್ನಲು ಮಾತ್ರ ನನಗೆ ಮನಸ್ಸು ಬಾರದು.

ನಮ್ಮ ಮನೆಯ ಐದು ವರ್ಷದ ಪೋರನಿಗೆ ಕೃಷ್ಣನಾಗುವ ಅಭಿಲಾಷೆಯೇ ಇರಲಿಲ್ಲ. ಹರಕೆಯ ಬಯಲಾಟವೊಂದರಲ್ಲಿ ಅವನು ‘ದೇವೀ ಮಹಾತ್ಮೆ’ಯನ್ನು ನೋಡಿದ್ದನು. ನಡುರಾತ್ರಿಯಲ್ಲಿ ಸಭೆಯ ಹಿಂಬದಿಯಿಂದ ದೊಂದಿಗಳ ಬೆಳಕಿನೊಡನೆ, ರಾಳದ ಹುಡಿ ಭುಗಿಲೆಂದು ಉರಿದೇಳುತ್ತಿರಲು, ಜನರ ನಡುವಿನಿಂದಲೇ ಬೊಬ್ಬಿಡುತ್ತ ರಂಗಸ್ಥಳಕ್ಕೆ ನುಗ್ಗುವ ಮಹಿಷಾಸುರನನ್ನು ಅಜ್ಜಿಯ ಸೆರಗಿನ ಮರೆಯಿಂದ ಕಂಡು ನಡುಗಿದವನು, ಬೆಳಗಾಗುವಷ್ಟರಲ್ಲಿ ತಾನೇ ಮಹಿಷಾಸುರನಾಗತಕ್ಕದ್ದೆಂದು ನಿಶ್ಚಯಿಸಿಬಿಟ್ಟಿದ್ದನು. ತನ್ನನ್ನು ಅಂಜಿಸಿದುದನ್ನೇ ಮೈಮೇಲೆ ತೊಟ್ಟುಕೊಂಡು ಗೆಲ್ಲುವ ಈ ಉಪಾಯವನ್ನು ಶಿಶುಗಳಿಗೆ ಯಾರೂ ಕಲಿಸಬೇಕಾಗಿಲ್ಲ. ಶಾಲೆಯ ಛದ್ಮವೇಷ ಸ್ಪರ್ಧೆಗೆ ಅದೇ ವೇಷವೆಂದು ಹಟ ಹಿಡಿದಾಗ, “ರಾಕ್ಷಸನಿಗೆ ಬಹುಮಾನ ಕೊಡುವವರು ಯಾರು ಮಗಾ?” ಎಂದು ತಾಯಿ ಆಕ್ಷೇಪಿಸಿದಳು. ಅವನಿಗೆ ಬಹುಮಾನದ ಚಿಂತೆಯಿರಲಿಲ್ಲ, ಕೊಂಬಿನ ಚಿಂತೆಯಿತ್ತು.

ಅಡಕೆ ತೋಟದ ಮಗ್ಗುಲಲ್ಲಿ ಮನೆಯಿರುವವರಿಗೆ ಸಾಮಗ್ರಿಯ ಬಡತನವೆಲ್ಲಿಯದು? ಮರವು ತಾನಾಗಿಯೇ ಉದುರಿಸುವ ಹಾಳೆಯೊಂದಿದ್ದರೆ ಸಾಕು. ತೋಟದಲ್ಲಿ ದುಡಿಯುವವರ ತಲೆಗೆ ಟೊಪ್ಪಿಯಾಗಿ, ಸೆಕೆಗೆ ಬೀಸಣಿಗೆಯಾಗಿ, ಈಚೆಗೆ ಯಂತ್ರದಲ್ಲಿ ಒತ್ತಿಸಿಕೊಂಡು ಮದುವೆಮನೆಯ ತಟ್ಟೆಯಾಗಿ, ಏನೂ ಕೆಲಸವಿಲ್ಲದಾಗ ಮಕ್ಕಳನ್ನು ಕೂರಿಸಿ ಎಳೆಯುವ ರಥವಾಗಿ ಬಳಕೆಯಾಗುವ ಈ ವಸ್ತುವು ಒಣಗಿರುವಾಗ ಮಹಾ ಮೊಂಡು. ಬಗ್ಗಿಸ ಹೋದರೆ ನಾರಿನುದ್ದಕ್ಕೆ ಸೀಳಿ ಬಿಡುತ್ತದೆ. ಅದನ್ನೇ ನೀರಿನಲ್ಲಿ ನೆನೆಯಿಸಿಟ್ಟರೆ ಚರ್ಮದಂತೆ ಮೆತ್ತಗಾಗಿ, ಕತ್ತರಿಗೂ ದಬ್ಬಣಕ್ಕೂ ಒಗ್ಗುತ್ತದೆ; ಬಗ್ಗಿಸಿ ಬಾಳೆಯ ನಾರಿನಿಂದ ಬಿಗಿದು ನೆರಳಿನಲ್ಲಿ ಒಣಗಿಸಿದಲ್ಲಿ, ಕಟ್ಟು ಬಿಚ್ಚಿದ ಮೇಲೆಯೂ ಕೊಟ್ಟ ಆಕಾರವನ್ನು ಬಹುಮಟ್ಟಿಗೆ ಉಳಿಸಿಕೊಳ್ಳುತ್ತದೆ. ಒಳಮೈ ನುಣುಪಾಗಿ ಕೆನೆಬಣ್ಣದ್ದಾಗಿರುವುದರಿಂದ ಬಣ್ಣ ಬಳಿಯುವುದಕ್ಕೂ ಅನುಕೂಲ. ಹಾಳೆಗಳನ್ನು ತೋಟದಿಂದ ಎಳೆದು ತರುವುದು, ನೀರಿನಲ್ಲಿ ಅದ್ದಿ ಅವು ತೇಲಿ ಬಾರದಂತೆ ಮೇಲೊಂದು ಕಲ್ಲು ಹೇರುವುದು, ಮೆತ್ತಗಾಯಿತೇ ಎಂದು ಗಳಿಗೆಗೊಮ್ಮೆ ಹೋಗಿ ಒತ್ತಿ ನೋಡುವುದು, ಇವೆಲ್ಲವೂ ಮಹಿಷಾಸುರನ ಪಾಲಿನ ಕೆಲಸಗಳು. ದಬ್ಬಣವೂ ಕತ್ತಿಯೂ ಅಜ್ಜನಾದ ನನ್ನ ಪಾಲಿಗೆ ಬಂದವು. ಮೈದಾಹಿಟ್ಟಿನ ಅಂಟನ್ನು ಅವನ ತಾಯಿ ಕಾಸಿಕೊಟ್ಟಳು. ಹುಳ ಹಿಡಿಯದಿರಲೆಂದು ಹಿಂದಿನವರು ಅಂಥ ಅಂಟಿಗೆ ಮೈಲುತುತ್ತವನ್ನು ಬೆರೆಸುತ್ತಿದ್ದುದುಂಟು. ಬೆರಳನ್ನು ಬಾಯಿಗಿಡುವ ವಯಸ್ಸಿನ ಸಹಾಯಕನು ಜೊತೆಗಿರುವಾಗ ಆ ವಿಷದ ಗೊಡವೆ ಬೇಡ, ಎರಡು ದಿನಕ್ಕೊಮ್ಮೆ ಹೊಸ ಅಂಟು ಕಾಸಿದರಾಯಿತು.

ಭರತಮುನಿಯು ನಾಟ್ಯಶಾಸ್ತ್ರದಲ್ಲಿ ಆಂಗಿಕ, ವಾಚಿಕ, ಸಾತ್ತ್ವಿಕಗಳೊಡನೆ ಆಹಾರ್ಯವನ್ನೂ ಅಭಿನಯದ ನಾಲ್ಕು ವಿಧಗಳಲ್ಲೊಂದಾಗಿ ಎಣಿಸಿ, ಅದಕ್ಕೆಂದೇ ಒಂದು ಅಧ್ಯಾಯವನ್ನು ಮೀಸಲಿಟ್ಟಿದ್ದಾನೆ. ಚಾಪೆ, ಚರ್ಮ, ಬಟ್ಟೆಗಳನ್ನು ಜೋಡಿಸಿ ಮಾಡುವುದು ಸಂಧಿಮ, ಯಂತ್ರದ ಸಹಾಯದಿಂದ ಮಾಡುವುದು ವ್ಯಾಜಿಮ, ಸುತ್ತಿ ಮಾಡುವುದು ವೇಷ್ಟಿಮ ಎಂದು ರಂಗದ ಕೃತಕ ವಸ್ತುಗಳನ್ನು ಅವನು ವಿಂಗಡಿಸಿರುವ ಕ್ರಮವನ್ನು ನೋಡಿದರೆ, ನಮ್ಮ ಅಂಗಳದಲ್ಲಿ ನಡೆದ ವ್ಯವಹಾರವೂ ಶಾಸ್ತ್ರಕ್ಕೆ ಹೊರತಾದುದಲ್ಲವೆಂದು ಸಮಾಧಾನವಾಗುತ್ತದೆ. ಆಭರಣಾಯುಧಗಳು ಭಾರವಾದರೆ ನಟನು ಬಳಲುವನಾದುದರಿಂದ, ಅರಗು, ಅಭ್ರಕ, ಬಿದಿರು, ಬಟ್ಟೆ ಮೊದಲಾದ ಹಗುರ ವಸ್ತುಗಳಿಂದ ನಿಜದ ಆಭಾಸವನ್ನು ಉಂಟುಮಾಡಿದರೆ ಸಾಕೆಂಬುದು ಆ ಮುನಿಯ ಮತ. ನಮ್ಮ ಮೇಳಗಳಲ್ಲಿಯೂ ಭುಜಕೀರ್ತಿ, ಎದೆಕಟ್ಟು, ಕಿರೀಟಗಳನ್ನು ಹಗುರವಾದ ಮರದಲ್ಲಿ ಕೆತ್ತಿ, ಬೇಗಡೆ ಅಂಟಿಸಿ, ಕನ್ನಡಿಚೂರುಗಳನ್ನು ಕೂಡಿಸಿ ಹೊಳೆಯುವಂತೆ ಮಾಡುವುದು ಇದೇ ನ್ಯಾಯದಿಂದಲ್ಲವೆ? ನಮ್ಮಲ್ಲಿ ಬೇಗಡೆಯ ಸ್ಥಾನವನ್ನು ಚಾಕಲೇಟಿನ ಹೊಳೆಯುವ ಕಾಗದಗಳು ಪಡೆದವು. ಅವುಗಳನ್ನು ಉಗುರಿನಿಂದ ತೀಡಿ ಸುಕ್ಕು ಬಿಡಿಸುವ ಕಾರ್ಯದಲ್ಲಿ ಆ ಹುಡುಗನು ತೋರಿದ ತಾಳ್ಮೆಯನ್ನು ಅಕ್ಷರ ಕಲಿಸುವ ಉಪಾಧ್ಯಾಯರು ಕಂಡಿದ್ದರೆ ನಂಬುತ್ತಿರಲಿಲ್ಲ.

ಮಗುವಿನೊಡನೆ ಕೂಡಿ ಕೆಲಸ ಮಾಡುವಾಗ ಹಿರಿಯರಿಗೆ ಅತಿ ಕಠಿನವಾಗಿ ತೋರುವುದು ಕೈಯನ್ನು ತಡೆದುಕೊಳ್ಳುವುದು. ಓರೆಯಾಗಿ ಅಂಟಿಸಿದ ಕಾಗದವನ್ನು ಅದು ಅತ್ತ ತಿರುಗಿದಾಗ ನೆಟ್ಟಗೆ ಮಾಡಿಬಿಡುವ ಚಾಪಲ್ಯ ಯಾರಿಗಿಲ್ಲ? ಆದರೆ ಅದು ಕೂಡಲೇ ಕಂಡುಹಿಡಿಯುತ್ತದೆ. ಕಂಡುಹಿಡಿದ ಮೇಲೆ ಆ ವೇಷ ನಿಮ್ಮದಾಗುತ್ತದೆಯೇ ಹೊರತು ಅದರದಾಗಿ ಉಳಿಯುವುದಿಲ್ಲ. ಕೊಂಬುಗಳಲ್ಲಿ ಒಂದು ಒಣಗುವಾಗ ಮುರುಟಿ ಗಿಡ್ಡವಾಯಿತು. ಇನ್ನೊಂದನ್ನು ಮಾಡೋಣವೆಂದಾಗ ಅವನು ಗಂಭೀರವಾಗಿ, “ಬೇಡ ಅಜ್ಜ, ಇದು ದೇವಿಯ ಸಿಂಹವನ್ನು ಗುದ್ದಿ ಗುದ್ದಿ ಸವೆದದ್ದು” ಎಂದನು. ಎಮ್ಮೆಯ ಕಪ್ಪನ್ನು ಎದೆಯ ಹಾಳೆಗೆ ಬಳಿದವನು ಬೆನ್ನಿನ ಹಾಳೆಯನ್ನು ಮುಟ್ಟಲೇ ಇಲ್ಲ. ನೋಡುವವರಿಗೆ ಬೆನ್ನೂ ಕಾಣುವುದೆಂಬ ವಿಚಾರವನ್ನು ನಾನು ಸೂಚಿಸಿದೆ; ತನಗೆ ಕಾಣುವುದಿಲ್ಲವೆಂಬ ಉತ್ತರದಿಂದ ಚರ್ಚೆ ಮುಗಿಯಿತು. ಬಾಡಿಗೆಯ ಅಂಗಡಿಯವನು ಮುಂಭಾಗಕ್ಕಿಂತ ಹಿಂಭಾಗದ ಗುಂಡಿಗಳ ವಿಷಯದಲ್ಲಿ ಎಷ್ಟು ಎಚ್ಚರ ವಹಿಸುತ್ತಾನೆಂಬುದನ್ನು ನೆನೆದರೆ, ಈ ಎರಡು ದೃಷ್ಟಿಗಳ ಅಂತರ ತಿಳಿಯುತ್ತದೆ.

ಬಣ್ಣದ ವಿಷಯದಲ್ಲಿ ಮಾತ್ರ ನಾನು ಹಟ ಬಿಡಲಿಲ್ಲ. ವೇಷಧಾರಿಗಳು ಬಣ್ಣ ಹಚ್ಚಿಕೊಳ್ಳುವ ಹಳೆಯ ಚೌಕಿಗಳಲ್ಲಿ ಹಳದಿಗೆ ಅರದಾಳವನ್ನೂ ಕೆಂಪಿಗೆ ಇಂಗಳೀಕವನ್ನೂ ತೇಯುತ್ತಿದ್ದರು. ಮೊದಲನೆಯದು ಪಾಷಾಣದಿಂದ, ಎರಡನೆಯದು ಪಾದರಸದಿಂದ ಕೂಡಿದ ದ್ರವ್ಯವಾದುದರಿಂದ ಎಳೆಯ ಚರ್ಮಕ್ಕೆ ಎರಡೂ ವರ್ಜ್ಯ. ತೆಂಕುತಿಟ್ಟಿನ ಬಣ್ಣದ ವೇಷಧಾರಿಗಳು ಅಕ್ಕಿಹಿಟ್ಟಿಗೆ ಸುಣ್ಣ ಬೆರೆಸಿ ಗಂಟೆಗಟ್ಟಲೆ ಕುಳಿತು ಮುಖದ ಮೇಲೆ ಇಡುವ ಚುಟ್ಟಿಯೂ ಅಂತೆಯೇ, ಸುಣ್ಣ ಸುಡುತ್ತದೆ. ಮೊದಲು ತೆಂಗಿನೆಣ್ಣೆ ಸವರಿ, ಮನೆಯ ಅರಿಸಿನ, ದೀಪದ ಕಾಡಿಗೆ, ಬರಿಯ ನೀರಿನಲ್ಲಿ ಕಲಸಿದ ಅಕ್ಕಿಹಿಟ್ಟು, ಇಷ್ಟರಲ್ಲಿಯೇ ನಮ್ಮ ಮುಖವರ್ಣಿಕೆ ನಡೆಯಿತು. ಹಿಟ್ಟು ಒಣಗಿ ತುರಿಸತೊಡಗಿದ್ದರಿಂದ ದೈತ್ಯನ ಕೆನ್ನೆಯ ಚುಟ್ಟಿ ಬೆರಳೆಣಿಕೆಯ ಬೊಟ್ಟುಗಳಿಗೇ ನಿಂತಿತು.

ಶಿವರಾಮ ಕಾರಂತರು ‘ಯಕ್ಷಗಾನ ಬಯಲಾಟ’ವನ್ನು ಬರೆದು 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯನ್ನು ಪಡೆದುದು ಎಲ್ಲರಿಗೂ ತಿಳಿದ ವಿಷಯ. ಅವರೇ ಪುತ್ತೂರಿನ ಬಾಲವನದಲ್ಲಿ ಮಕ್ಕಳ ಶಿಕ್ಷಣದ ಪ್ರಯೋಗಗಳಿಗೂ ಮನಸ್ಸು ಕೊಟ್ಟವರು. ವೇಷದ ಪಾಂಡಿತ್ಯವೂ ಮಕ್ಕಳ ಆಟವೂ ಒಬ್ಬನೇ ವ್ಯಕ್ತಿಯಲ್ಲಿ ಕೂಡಿದ್ದುದು ಆಕಸ್ಮಿಕವಲ್ಲವೆಂದು, ಅಂಗಳದ ತುಂಬ ಹಾಳೆಯ ಚೂರು ಹರಡಿಕೊಂಡು ಕುಳಿತಾಗ ನನಗೆ ಅನ್ನಿಸಿತು.

ವೇಷವು ಪೂರ್ಣಗೊಳ್ಳುವುದಕ್ಕೆ ಬಹು ಮುಂಚಿತವಾಗಿಯೇ ಆಟವು ಪ್ರಾರಂಭವಾಗಿತ್ತೆಂಬುದನ್ನು ಹೇಳಲೇಬೇಕು. ಒಂದೇ ಕೊಂಬು ಸಿದ್ಧವಾದಾಗ ಒಂಟಿಕೊಂಬಿನ ದೈತ್ಯನಾಗಿ ಕೊಟ್ಟಿಗೆಯ ಕರುವನ್ನು ಯುದ್ಧಕ್ಕೆ ಕರೆದನು. ಸ್ನಾನಕ್ಕೆ ಬಾ ಎಂದರೆ ಅಡುಗೆಮನೆಯ ಬಾಗಿಲಿನಲ್ಲಿ ನಿಂತು ತನ್ನ ಪ್ರತಾಪವನ್ನು ವರ್ಣಿಸಿದನು. ಸ್ಪರ್ಧೆಯ ದಿನ ಬರುವಷ್ಟರಲ್ಲಿ ಹಾಳೆಯ ಅಂಚು ಹರಿದು, ಕಿರೀಟದ ಕಾಗದ ಅಲ್ಲಲ್ಲಿ ಎದ್ದು, ನಿಜವಾಗಿಯೂ ಹಲವು ಯುದ್ಧ ಕಂಡವನ ಲಕ್ಷಣಗಳು ಮೂಡಿದ್ದವು. ಲಘುಶಂಕೆಗೆ ಹೋಗಬೇಕಾದಾಗ ಯಾರ ಸಹಾಯವೂ ಇಲ್ಲದೆ ಬಿಚ್ಚಿಕೊಳ್ಳಬಹುದಾದ ವೇಷ ಇಡೀ ಸಾಲಿನಲ್ಲಿ ಅವನದೊಂದೇ. ಮನೆಯಲ್ಲಿ ವೇಷ ಮಾಡುವವರು ಮರೆಯಬಾರದ ಸಂಗತಿಯಿದು.

ಇಂಥ ಸ್ಪರ್ಧೆಗಳ ತೀರ್ಪುಗಾರರು ಹೊಳಪಿಗೂ ಹಾವಭಾವಕ್ಕೂ ಅಂಕ ಕೊಡುವ ಬದಲು ಪ್ರತಿಯೊಂದು ಮಗುವನ್ನೂ, “ಇದರಲ್ಲಿ ನೀನು ಮಾಡಿದ್ದು ಯಾವುದು?” ಎಂದು ಕೇಳುವ ಪದ್ಧತಿಯನ್ನಿಟ್ಟುಕೊಂಡರೆ ಒಳಿತೆಂದು ನನ್ನ ಅಭಿಪ್ರಾಯ. ನಮ್ಮ ಮಹಿಷಾಸುರನನ್ನು ಯಾರೂ ಕೇಳಲಿಲ್ಲ. ಆದರೂ ಅವನು ವೇದಿಕೆಯ ಮೇಲೆ ಗಿಡ್ಡಗೊಂಬಿನ ಯುದ್ಧಚರಿತ್ರೆಯನ್ನು ತಾನಾಗಿಯೇ ಆರಂಭಿಸಿ, ಸರದಿಗಾಗಿ ಕಾದಿದ್ದ ಮುದ್ದುಕೃಷ್ಣನೊಬ್ಬನು ಆಕಳಿಸಿದರೂ ನಿಲ್ಲಿಸದೆ, ಗಂಟೆ ಬಾರಿಸಿದ ಮೇಲೆಯೂ ಮುಂದುವರಿಸಿದನು.