ನೆರೆ ತಡೆಯೋಕೂ ಲೆಕ್ಕ ಬೇಕು: ಹೊಸೂರು, ಕೃಷ್ಣಗಿರಿ ಹೇಳುವ ಪಾಠ

2024ರ ನವೆಂಬರ್ ಕೊನೆಗೆ ಫೆಂಗಲ್ ಚಂಡಮಾರುತ ಪುದುಚೇರಿ ಬಳಿ ದಡ ಮುಟ್ಟಿತು. ಡಿಸೆಂಬರ್ 2ರ ಬೆಳಿಗ್ಗೆ ಹೊತ್ತಿಗೆ, ಸಮುದ್ರದಿಂದ ಬಹಳ ಒಳಗಿರುವ ಕೃಷ್ಣಗಿರಿ ಜಿಲ್ಲೆಯ ಊತ್ತಂಗರೈಯಲ್ಲಿ 24 ಗಂಟೆಯಲ್ಲಿ ಸುಮಾರು 50 ಸೆಂ.ಮೀ. ಮಳೆ ಬಿದ್ದಿತ್ತು. ಕೆರೆ ತುಂಬಿ ನೀರು ರಸ್ತೆಗೆ ನುಗ್ಗಿ, ನಿಲ್ಲಿಸಿದ್ದ ಕಾರು, ವ್ಯಾನುಗಳೆಲ್ಲ ಕೊಚ್ಚಿಕೊಂಡು ಹೋದವು. ಆ ವಿಡಿಯೊ ಕರಾವಳಿಯ ಮೊಬೈಲ್‌ಗಳಿಗೂ ಬಂದಿತ್ತು. ನೋಡಿದವರೆಲ್ಲ ಕೇಳಿದ್ದು ಒಂದೇ: ಡ್ಯಾಮ್‌ಗಳಿದ್ದೂ ಹೀಗಾಯ್ತಾ?

ನೀರು ಎಲ್ಲಿಂದ ಬರುತ್ತೆ?

ದಕ್ಷಿಣ ಪಿನಾಕಿನಿ ಹುಟ್ಟೋದು ಚಿಕ್ಕಬಳ್ಳಾಪುರದ ನಂದಿ ಬೆಟ್ಟ ಸಾಲಿನಲ್ಲಿ. ಹೊಸಕೋಟೆ ಕಡೆಯಿಂದ ಇಳಿದು ತಮಿಳುನಾಡು ಸೇರಿದ ಮೇಲೆ ಅದರ ಹೆಸರು ತೆಂಪೆಣ್ಣೈ. ಬೆಂಗಳೂರಿನ ಬೆಳ್ಳಂದೂರು, ವರ್ತೂರು ಕೆರೆಗಳ ನೀರೂ ಇದೇ ನದಿಗೆ ಸೇರುತ್ತೆ. ಹೊಸೂರು ಹತ್ತಿರ ಕೆಲವರಪಳ್ಳಿ ಜಲಾಶಯ, ಆಮೇಲೆ 1950ರ ದಶಕದಲ್ಲಿ ಕಟ್ಟಿದ ಕೃಷ್ಣಗಿರಿ ಅಣೆಕಟ್ಟು, ಇನ್ನೂ ಕೆಳಗೆ ತಿರುವಣ್ಣಾಮಲೈ ಜಿಲ್ಲೆಯ ಸಾತನೂರು ಅಣೆಕಟ್ಟು. ಅಂದರೆ ಬೆಂಗಳೂರಿನ ಬಡಾವಣೆಯೊಂದರ ಮಳೆನೀರು ಎಷ್ಟು ಬೇಗ ಹರಿದು ಹೋಗುತ್ತೆ ಅನ್ನೋದು ಹೊಸೂರಿನ ನದಿ ದಂಡೆಯವರಿಗೆ ಸಂಬಂಧಪಟ್ಟ ವಿಷಯ. ಇಡೀ ಜಲಾನಯನ ಒಂದೇ ಖಾತೆ ಪುಸ್ತಕ ಇದ್ದ ಹಾಗೆ. ಒಂದು ಪುಟ ಮಾತ್ರ ನೋಡಿ ಲಾಭ-ನಷ್ಟ ಹೇಳೋಕಾಗಲ್ಲ.

ಆದರೆ ಊತ್ತಂಗರೈಗೆ ಬಂದದ್ದು ಹೊಸೂರಿನ ನೀರಲ್ಲ. ಅಲ್ಲೇ ಸುರಿದ ಮಳೆ, ಅಲ್ಲಿಯದೇ ಕೆರೆಯ ನೀರು. ಮೇಲಿನ ಎರಡು ಅಣೆಕಟ್ಟುಗಳನ್ನು ಎಷ್ಟು ಚೆನ್ನಾಗಿ ನಡೆಸಿದ್ದರೂ ಅದು ನಿಲ್ಲುತ್ತಿರಲಿಲ್ಲ. ಹಾಗಾಗಿ ಯೋಜನೆಯ ಮೊದಲ ಪ್ರಶ್ನೆ: ಇದು ನದಿ ತರುವ ನೆರೆಯಾ, ಊರಿನ ಕೆರೆ-ಕಾಲುವೆ ಉಕ್ಕಿ ಬರುವ ನೆರೆಯಾ? ಮೊದಲನೆಯದಕ್ಕೆ ಜಲಾಶಯದಲ್ಲಿ ಜಾಗ ಉಳಿಸಿಕೊಳ್ಳಬೇಕು, ಮುಂಚಿತವಾಗಿ ಎಚ್ಚರಿಕೆ ಕೊಡಬೇಕು. ಎರಡನೆಯದಕ್ಕೆ ಕೆರೆಯ ಕೋಡಿ, ರಾಜಕಾಲುವೆ, ಮೋರಿಗಳು ತೆರೆದಿರಬೇಕು.

'ನೂರು ವರ್ಷಕ್ಕೊಮ್ಮೆ' ಅಂದರೆ ಏನು?

ನೂರು ವರ್ಷಕ್ಕೊಮ್ಮೆ ಬರುವ ನೆರೆ ಅಂದ ಕೂಡಲೇ, ಈ ಸಲ ಬಂತು, ಇನ್ನು ಮೊಮ್ಮಕ್ಕಳ ಕಾಲಕ್ಕೆ ಅಂತ ಸಮಾಧಾನ ಮಾಡಿಕೊಳ್ಳುವವರಿದ್ದಾರೆ. ಅದು ತಪ್ಪು. ಪ್ರತಿ ವರ್ಷ ಶೇ. 1ರಷ್ಟು ಸಾಧ್ಯತೆ ಇದೆ ಅಂತ ಅದರ ಅರ್ಥ. 30 ವರ್ಷದ ಗೃಹಸಾಲದ ಅವಧಿಯಲ್ಲಿ ಒಮ್ಮೆಯಾದರೂ ಅಂಥ ನೆರೆ ಬರುವ ಸಾಧ್ಯತೆ ಸುಮಾರು ಶೇ. 26. ಹತ್ತು ವರ್ಷಕ್ಕೊಮ್ಮೆಯ ನೆರೆ ಅಂದರೆ ಪ್ರತಿ ವರ್ಷವೂ ಶೇ. 10.

ಅಂಗಡಿಯ ಲೆಕ್ಕ

ಉದಾಹರಣೆಗೆ ಒಂದು ಬೀದಿಯಲ್ಲಿ 20 ಅಂಗಡಿ ಇವೆ ಅನ್ನಿ. ಹತ್ತು ವರ್ಷಕ್ಕೊಮ್ಮೆಯ ನೆರೆಗೆ ಒಂದೊಂದಕ್ಕೂ 2 ಲಕ್ಷದ ಸರಕು ಹಾಳಾದರೆ ಒಟ್ಟು 40 ಲಕ್ಷ. ವರ್ಷಕ್ಕೆ ಹಂಚಿದರೆ 4 ಲಕ್ಷ ನಷ್ಟ. ಕಾಲುವೆ ಅಗಲ ಮಾಡೋಕೆ 30 ಲಕ್ಷ, ಬಾಳಿಕೆ 20 ವರ್ಷ. ವರ್ಷಕ್ಕೆ ಒಂದೂವರೆ ಲಕ್ಷ ಆಯ್ತು. ಹೂಳೆತ್ತೋಕೆ ವರ್ಷಕ್ಕೆ 50 ಸಾವಿರ ಸೇರಿದರೆ 2 ಲಕ್ಷ. ಕಾಲುವೆ ಆ ನೆರೆಯನ್ನು ಪೂರ್ತಿ ತಡೆದರೆ ಖರ್ಚಿನ ಎರಡರಷ್ಟು ಲಾಭ. ಅರ್ಧ ನಷ್ಟ ಮಾತ್ರ ತಪ್ಪಿದರೆ ಅಲ್ಲಿಂದಲ್ಲಿಗೆ. ಹೂಳೇ ಎತ್ತದಿದ್ದರೆ ಹಾಕಿದ ದುಡ್ಡೂ ನೀರಿಗೆ.

ನಿರ್ವಹಣೆಯನ್ನು ಮರೆತರೆ ಏನಾಗುತ್ತೆ ಅನ್ನೋದಕ್ಕೆ ಕೃಷ್ಣಗಿರಿಯೇ ಸಾಕ್ಷಿ. 2017ರ ನವೆಂಬರ್‌ನಲ್ಲಿ ಅಣೆಕಟ್ಟಿನ ಎಂಟು ಶಟರ್‌ಗಳಲ್ಲಿ ಒಂದು ಮುರಿದು, ನೀರು ಹೊರಗೆ ನುಗ್ಗಿ, ನದಿ ದಂಡೆಯ ಜನರನ್ನು ಎಚ್ಚರಿಸಬೇಕಾಯಿತು.

ಲೆಕ್ಕದಲ್ಲಿ ಬಿಟ್ಟುಹೋಗುವವರು

ಈ ಲೆಕ್ಕಕ್ಕೂ ಒಂದು ಕೊರತೆ ಇದೆ. ಆಸ್ತಿಯ ಬೆಲೆ ಮಾತ್ರ ನೋಡಿದರೆ ಕಾಂಪ್ಲೆಕ್ಸ್ ಇರುವ ಕಡೆಗೇ ಗೋಡೆ ಬರುತ್ತೆ. ಕೂಲಿಯವನ ಶೀಟಿನ ಮನೆಗೆ ಬೆಲೆ ಕಡಿಮೆ. ಆದರೆ ಅವನಿಗೆ ಇರೋದು ಅದೊಂದೇ. ಒಂದು ದಂಡೆಗೆ ಗೋಡೆ ಕಟ್ಟಿದರೆ ನೀರು ಎದುರಿನ ದಂಡೆಗೆ, ಇಲ್ಲವೇ ಕೆಳಗಿನ ಊರಿಗೆ ಹೋಗುತ್ತೆ. ಆ ನಷ್ಟವೂ ಯೋಜನೆಯ ಖರ್ಚಿಗೇ ಸೇರಬೇಕು. ಅದೇ ಡಿಸೆಂಬರ್ 2ರ ನಸುಕಿನಲ್ಲಿ ಸಾತನೂರಿನಿಂದ ಸೆಕೆಂಡಿಗೆ 1.68 ಲಕ್ಷ ಘನ ಅಡಿ ನೀರು ಬಿಟ್ಟಾಗ ವಿಳುಪ್ಪುರಂ, ಕಡಲೂರು ಜಿಲ್ಲೆಗಳ ಎಷ್ಟೋ ಊರುಗಳು ಮುಳುಗಿದವು. ನೀರು ಬಿಡುವ ಮೊದಲೇ, ಹಗಲಿನಲ್ಲೇ ಸುದ್ದಿ ಮುಟ್ಟಿಸೋದು ಗೋಡೆಗಿಂತ ಅಗ್ಗ, ಜೀವ ಉಳಿಸೋದು ಹೆಚ್ಚು.

ಯುವಕರು ಮಾಡಬಹುದಾದ್ದು

ಬಂಟ್ವಾಳ, ಪಾಣೆಮಂಗಳೂರಿನ ಹಿರಿಯರು 1974ರ ನೆರೆ ಎಲ್ಲಿವರೆಗೆ ಬಂದಿತ್ತು ಅಂತ ಗೋಡೆ ತೋರಿಸಿ ಹೇಳುತ್ತಾರೆ. ಆ ಗುರುತು ಬರೀ ಕಥೆಯಲ್ಲ, ದಾಖಲೆ. ಹೊಸೂರಿರಲಿ, ಬಂಟ್ವಾಳವಿರಲಿ, ನೀರಿನ ಗುರುತಿನ ಎತ್ತರ, ದಿನಾಂಕ, ಆದ ನಷ್ಟ ಮೂರನ್ನೂ ಜಮಾತ್ ಅಥವಾ ಸಂಘದ ಯುವಕರು ಬರೆದಿಟ್ಟು ಪಂಚಾಯತ್‌ಗೆ ಕೊಡಬಹುದು. ಕೋಡಿ, ಮೋರಿ ಮುಚ್ಚಿದ ಜಾಗದ ಫೋಟೊ ತೆಗೆದು ಮಳೆಗಾಲಕ್ಕೆ ಮೊದಲೇ ಅರ್ಜಿ ಹಾಕಬಹುದು. ಹೊಸ ಗೋಡೆ ಅಥವಾ ಕಾಲುವೆಗೆ ಯೋಜನೆ ಬಂದರೆ ಗ್ರಾಮಸಭೆಯಲ್ಲಿ ನಾಲ್ಕು ಪ್ರಶ್ನೆ ಸಾಕು: ಎಷ್ಟು ವರ್ಷಕ್ಕೊಮ್ಮೆಯ ನೆರೆಗೆ ಇದು? ತಡೆದ ನೀರು ಎಲ್ಲಿಗೆ ಹೋಗುತ್ತೆ? ವರ್ಷಾವರ್ಷ ಹೂಳೆತ್ತುವವರು ಯಾರು? ಅದಕ್ಕೆ ದುಡ್ಡು ಇಟ್ಟಿದ್ದಾರಾ? ಉತ್ತರ ಬರಹದಲ್ಲಿ ಸಿಗುವವರೆಗೆ ಕೇಳುತ್ತಲೇ ಇರಬೇಕು.